ಹಸುವಿನ ಬಗ್ಗೆ ಈಗ ದೂರಿಲ್ಲ

ಭುಜದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು, ನಾಲ್ಕು ತಿಂಗಳ ರಜೆಯ ನಂತರ ಪಶುವೈದ್ಯ ಕಾಲೇಜಿಗೆ ಮರಳಿದ ದಿನ ಹೆರಿಗೆ ಮೇಡಂ ಮೊದಲು ಹೋದದ್ದು ತಮ್ಮ ಕೋಣೆಗಲ್ಲ, ಕೊಟ್ಟಿಗೆಗೆ. ಕೊಟ್ಟಿಗೆ ಅಸಹ್ಯವಾಗುವಷ್ಟು ಸ್ವಚ್ಛವಾಗಿತ್ತು. ಗೋದಲಿಯಲ್ಲಿ ಹುಲ್ಲಿನ ಬದಲು ಮಡಚುವ ಕುರ್ಚಿಗಳನ್ನು ಪೇರಿಸಿದ್ದರು. ಹಗ್ಗ ಬಿಗಿಯುವ ಗೂಟಕ್ಕೆ ಯಾರೋ ತಮ್ಮ ಸೈಕಲ್ಲನ್ನು ಬೀಗ ಹಾಕಿ ಕಟ್ಟಿದ್ದರು.

ಹಸುಗಳ ಗರ್ಭ ಮತ್ತು ಹೆರಿಗೆಯ ಪಾಠ ಮಾಡುವವರಾದ್ದರಿಂದ ಅವರು ವಿದ್ಯಾರ್ಥಿಗಳ ಬಾಯಲ್ಲಿ ಹೆರಿಗೆ ಮೇಡಂ. ಆ ಕೊಟ್ಟಿಗೆಯಲ್ಲಿದ್ದ ಕಪ್ಪು ಬಿಳುಪಿನ ಹಸುವನ್ನು ಅದೇ ವಿದ್ಯಾರ್ಥಿಗಳು ದೊಡ್ಡ ಮೇಡಂ ಎನ್ನುತ್ತಿದ್ದರು. ಪಾಠದಲ್ಲಿ ಇಬ್ಬರ ಪೈಕಿ ಯಾರ ಪಾಲು ಹೆಚ್ಚು ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಹೆರಿಗೆ ಮೇಡಂಗಂತೂ ಮೊದಲೇ ಇಲ್ಲ. ಹಸು ಗಬ್ಬವೋ ಖಾಲಿಯೋ ಎಂದು ಹೇಳಬೇಕಾದರೆ ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ಏರಿಸಿ, ಹಿಂದಿನಿಂದ ಕೈ ತೂರಿಸಿ, ಕರುಳಿನ ಗೋಡೆಯಾಚೆ ಇರುವ ಗರ್ಭಕೋಶವನ್ನು ಬೆರಳಲ್ಲೇ ನೋಡಬೇಕು. ಆ ಕತ್ತಲಲ್ಲಿ ಕಣ್ಣಿಗಾಗಲಿ, ಪುಸ್ತಕಕ್ಕಾಗಲಿ ಪ್ರವೇಶವಿಲ್ಲ. ಮೂವತ್ತು ವರ್ಷ ಹೀಗೆ ಕೈ ತೂರಿಸಿಯೇ ಮೇಡಂ ತಮ್ಮ ಎಡಭುಜವನ್ನು ಸವೆಸಿಕೊಂಡಿದ್ದರು.

ಕೊಟ್ಟಿಗೆಯಿಂದ ಹೊರಬಂದವರ ಕಣ್ಣಿಗೆ ಗೇಟಿನ ಪಕ್ಕದ ಹೊಸ ಫಲಕ ಬಿತ್ತು. ಮೇಲೆ ದಪ್ಪಕ್ಷರದಲ್ಲಿ ‘ನೀವು ಹೇಳಿದಿರಿ, ನಾವು ಮಾಡಿದೆವು’. ಕೆಳಗೆ ಮೂರು ಸಾಧನೆಗಳು. ಗ್ರಂಥಾಲಯದ ಫ್ಯಾನು ಸದ್ದು ಮಾಡುತ್ತದೆ ಎಂದಿರಿ, ನಿಲ್ಲಿಸಿದೆವು. ಕ್ಯಾಂಟೀನಿನ ಸಾಲು ಉದ್ದವಾಯಿತು ಎಂದಿರಿ, ಸಾಲು ನಿಲ್ಲುವ ಜಾಗದಲ್ಲಿ ಹೂಕುಂಡ ಇಟ್ಟೆವು. ಪ್ರಸೂತಿ ಪ್ರಾಯೋಗಿಕ ತರಗತಿಯಲ್ಲಿ ಹಸುವಿನಿಂದ ತೊಂದರೆ ಎಂದಿರಿ, ಹಸುವನ್ನು ತೆರವುಗೊಳಿಸಿದೆವು.

ಮೇಡಂ ಅದನ್ನು ಎರಡು ಸಲ ಓದಿದರು. ಆಮೇಲೆ ಗೇಟಿನ ಕಾವಲುಗಾರನ ಹತ್ತಿರ, ಗುಣಮಟ್ಟ ವಿಭಾಗ ಈಗ ಯಾವ ಮಹಡಿಯಲ್ಲಿದೆ ಎಂದು ಬಹಳ ಮೃದುವಾಗಿ ಕೇಳಿದರು. ಅವರನ್ನು ಬಲ್ಲ ಕಾವಲುಗಾರ ಆ ಮೃದುತನಕ್ಕೇ ಹೆದರಿ, ಮೂರನೆಯದು ಎಂದವನು ಲಿಫ್ಟು ಕೆಟ್ಟಿದೆ ಎಂಬ ಸುಳ್ಳನ್ನೂ ಸೇರಿಸಿದ. ಮೆಟ್ಟಿಲು ಹತ್ತುವಷ್ಟರಲ್ಲಿ ಸ್ವಲ್ಪ ತಣ್ಣಗಾದಾರು ಎಂಬುದು ಅವನ ಲೆಕ್ಕ.

ಗುಣಮಟ್ಟದ ನಿರ್ದೇಶಕರಿಗೆ ಸರಾಸರಿ ಸರ್ ಎಂದು ಹೆಸರು. ಮೂಲತಃ ಕೋಳಿ ಆಹಾರದ ತಜ್ಞರು. ಕೋಳಿಗಳ ಅಭಿಪ್ರಾಯ ಕೇಳುವ ಪದ್ಧತಿ ಇಲ್ಲದ್ದರಿಂದ ಅವರ ಪ್ರತಿಭೆ ಬಹುಕಾಲ ಸುಮ್ಮನೆ ಬಿದ್ದಿತ್ತು. ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಅಭಿಪ್ರಾಯದ ಮೇಲೆ ಪಾಠಗಳನ್ನು ತಿದ್ದುವುದಾಗಿ ಘೋಷಿಸಿದ ಮೇಲೆ ಅವರಿಗೆ ಕೋಣೆ, ಪರದೆ, ಬಣ್ಣದ ಮುದ್ರಣಯಂತ್ರ ಎಲ್ಲ ಒಟ್ಟಿಗೆ ಒದಗಿದವು. ಮನುಷ್ಯ ಕೆಟ್ಟವರಲ್ಲ. ಮೇಡಂ ಬಂದಾಗ ಎದ್ದು ನಿಂತರು, ಭುಜದ ಬಗ್ಗೆ ವಿಚಾರಿಸಿದರು, ತಾವೇ ಕುರ್ಚಿ ಎಳೆದು ಕೊಟ್ಟರು.

ಆಮೇಲೆ ಪರದೆಯ ಮೇಲೆ ಎಲ್ಲವನ್ನೂ ತೋರಿಸಿದರು. ಹಿಂದಿನ ಅವಧಿಯಲ್ಲಿ ಆ ತರಗತಿಯ ನಲವತ್ತು ವಿದ್ಯಾರ್ಥಿಗಳೂ ಐದಕ್ಕೆ ಒಂದು ಅಂಕ ಕೊಟ್ಟಿದ್ದರು. ಅಂಥ ಒಗ್ಗಟ್ಟು ಸಂಸ್ಥೆಯ ಇತಿಹಾಸದಲ್ಲೇ ಇಲ್ಲ. ಬರೆದ ಟಿಪ್ಪಣಿಗಳನ್ನು ಯಂತ್ರ ಓದಿ, ಅತೃಪ್ತಿಯ ಜೊತೆ ಹೆಚ್ಚು ಸಲ ಕಾಣಿಸಿಕೊಂಡ ಪದವನ್ನು ಕೆಂಪಿನಲ್ಲಿ ಎತ್ತಿ ತೋರಿಸುತ್ತದೆ. ಆ ಪದ ‘ಹಸು’. ಸಮಿತಿ ಸೇರಿತು, ಕಾರಣವನ್ನು ನಿವಾರಿಸಿತು, ಅದರ ಜಾಗಕ್ಕೆ ಹೊರದೇಶದ ರಬ್ಬರ್ ಹಸುವನ್ನು ತಂದಿತು. ಅಂಕ ಒಂದರಿಂದ ನಾಲ್ಕೂವರೆಗೆ ಏರಿತು. ಬರುವ ತಿಂಗಳು ಪರಿಶೀಲನಾ ತಂಡ ಬಂದಾಗ ಇದನ್ನೇ ಮಾದರಿ ಪ್ರಕರಣವಾಗಿ ಮಂಡಿಸಬೇಕೆಂದು, ಅದನ್ನು ಮೇಡಂ ಬಾಯಲ್ಲೇ ಹೇಳಿಸಬೇಕೆಂದು ಅವರ ಆಸೆ.

‘ಮಕ್ಕಳು ಬರೆದಿದ್ದು ಏನಂತ ಓದಿದ್ರಾ ಸರ್?’ ಎಂದು ಮೇಡಂ ಕೇಳಿದರು.

‘ಯಂತ್ರ ಓದಿದೆ.’

‘ನೀವು?’

‘ನಲವತ್ತು ಜನದ್ದು ಮೇಡಂ. ಅದೂ ಒಂದೇ ಮಾತು.’

‘ಒಂದೇ ಮಾತು. ಒಂದು ಹಸು ಸಾಲದು, ಇನ್ನೂ ಮೂರು ಕೊಡಿ ಅಂತ.’

ಸರಾಸರಿ ಸರ್ ಪರದೆಯನ್ನು ನೋಡಿದರು, ಮೇಡಂ ಮುಖ ನೋಡಿದರು, ಮತ್ತೆ ಹೆಚ್ಚು ನಂಬಿಕೆಗೆ ಅರ್ಹವಾದ ಪರದೆಯನ್ನೇ ನೋಡಿದರು. ‘ಅದು ಹಸುವಿನ ಬಗ್ಗೆ ದೂರೇ ತಾನೆ? ಈಗ ನೋಡಿ. ಹಸುವಿನ ಬಗ್ಗೆ ಒಂದೂ ದೂರಿಲ್ಲ.’

‘ಹಸುವೇ ಇಲ್ಲವಲ್ಲ ಸರ್.’

‘ಅದೇ ನಾನೂ ಹೇಳ್ತಿರೋದು,’ ಎಂದರು ಅವರು, ಕೊನೆಗೂ ಒಮ್ಮತಕ್ಕೆ ಬಂದ ಸಂತೋಷದಲ್ಲಿ.

ಮೇಡಂ ಎದ್ದರು. ಹಸು ಎಲ್ಲಿ ಎಂದು ಕೇಳಿದ್ದಕ್ಕೆ, ಊರಾಚೆಯ ಡೇರಿಯೊಂದಕ್ಕೆ ಖಾಲಿ ಹಸುವೆಂದು ಮಾರಿದ್ದಾಗಿ ಉತ್ತರ ಬಂತು. ರಜೆಗೆ ಹೋಗುವ ಮುನ್ನ ಅದಕ್ಕೆ ತಾವೇ ಕೃತಕ ಗರ್ಭಧಾರಣೆ ಮಾಡಿದ್ದು ಮೇಡಂಗೆ ನೆನಪಿತ್ತು. ಕಾಲೇಜಿನ ಆವರಣದಲ್ಲಿ ಕಲ್ಲು ಎಸೆದರೆ ಪಶುವೈದ್ಯರೊಬ್ಬರ ತಲೆಗೆ ಬೀಳುತ್ತದೆ. ಮಾರುವ ಮುಂಚೆ ಅವರಲ್ಲಿ ಒಬ್ಬರೂ ಕೈ ಹಾಕಿ ನೋಡಿರಲಿಲ್ಲ.

ರಬ್ಬರ್ ಹಸು ಎರಡನೇ ಮಹಡಿಯ ತಂಪು ಕೋಣೆಯಲ್ಲಿತ್ತು. ಪೂರ್ತಿ ಹಸುವಲ್ಲ. ಸೊಂಟದಿಂದ ಹಿಂದಿನ ಭಾಗವನ್ನಷ್ಟೇ ಗೋಡೆಗೆ ಬಿಗಿದಿದ್ದರು. ಮುಂದಿನ ಅರ್ಧ ಪಕ್ಕದ ಲೆಕ್ಕಪತ್ರ ವಿಭಾಗದಲ್ಲಿದೆ ಎಂದು ವಿದ್ಯಾರ್ಥಿಗಳು ತಮಾಷೆ ಮಾಡುತ್ತಿದ್ದರು. ಅದಕ್ಕೆ ಅತಿಥಿ ಉಪನ್ಯಾಸಕಿ ಎಂದು ಹೆಸರಿಟ್ಟಿದ್ದರು. ಒದೆಯುವುದಿಲ್ಲ, ಸಗಣಿ ಹಾಕುವುದಿಲ್ಲ, ಕೈ ಒಳಗಿದ್ದಾಗ ಕರುಳನ್ನು ಬಿಗಿಹಿಡಿದು ಮೂಳೆ ಮುರಿದಂಥ ನೋವು ಕೊಡುವುದಿಲ್ಲ. ಒಳಗೆ ಕೈ ಹಾಕಿದರೆ ಗರ್ಭಕೋಶ ಬಾಗಿಲಲ್ಲೇ ಕಾಯುತ್ತಿರುತ್ತದೆ, ಯಾವಾಗಲೂ ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ.

ನಲವತ್ತು ಜನರಲ್ಲಿ ಒಬ್ಬಳು ಮೇಡಂ ಅಕ್ಕನ ಮಗಳು. ಓದಿಗೆಂದು ಚಿಕ್ಕಮ್ಮನ ಮನೆಯಲ್ಲೇ ಇದ್ದಳು. ಕಾಲೇಜಿನಲ್ಲಿ ಮೇಡಂ, ನೀವು. ಮನೆಯಲ್ಲಿ ಚಿಕ್ಕಮ್ಮ, ನೀನು. ಗೇಟು ದಾಟುವಾಗ ಮಾತು ಬದಲಿಸುವ ಈ ಕಸರತ್ತು ಇಬ್ಬರಿಗೂ ರೂಢಿಯಾಗಿತ್ತು. ಹಸು ಹೋದ ಸುದ್ದಿಯನ್ನು ಮಾತ್ರ, ಮೊದಲು ಭುಜ ವಾಸಿಯಾಗಲಿ ಎಂದು ಅವಳು ಮನೆಗೆ ತಂದಿರಲಿಲ್ಲ. ಎಲ್ಲರೂ ಒಂದೇ ಅಂಕ ಕೊಡಬೇಕೆಂದು ತರಗತಿಯನ್ನು ಒಗ್ಗೂಡಿಸಿದವಳು ಅವಳೇ. ಅದಕ್ಕೆ ಕಾರಣವಿತ್ತು. ಒಂದು ಹಸುವಿಗೆ ದಿನಕ್ಕೆ ನಾಲ್ಕೈದು ಜನರಿಗಿಂತ ಹೆಚ್ಚು ಕೈ ಹಾಕುವಂತಿಲ್ಲ, ಆಮೇಲೆ ಅದಕ್ಕೆ ವಿಶ್ರಾಂತಿ ಬೇಕು. ಸರದಿ ಬರುವುದರೊಳಗೆ ಅವಧಿ ಮುಗಿದಿತ್ತು. ತರಗತಿಯ ಅರ್ಧದಷ್ಟು ಜನ, ಅವಳೂ ಸೇರಿ, ಜೀವವಿರುವ ಹಸುವನ್ನು ಹೊರಗಿನಿಂದಷ್ಟೇ ಬಲ್ಲವರು. ಪಾಸಾದರೆ ಅವಳಿಗೆ ತಾಯಿಯ ಊರಿನ ಪಶು ಆಸ್ಪತ್ರೆಯಲ್ಲಿ ಕೆಲಸ ಕಾದಿತ್ತು. ಅಲ್ಲಿ ಇನ್ನೊಬ್ಬ ವೈದ್ಯರಿಲ್ಲ. ತಪ್ಪಿದರೆ ತಿದ್ದುವವರೂ ಇಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಮೇಡಂ ಕೇಳಿದರು. ‘ರಬ್ಬರಿಗೆ ನೀನೆಷ್ಟು ಕೊಟ್ಟೆ?’

‘ಐದು.’

‘ಐದಾ?’

‘ಮತ್ತೇನು ಮಾಡ್ಲಿ ಚಿಕ್ಕಮ್ಮ? ಒಂದು ಕೊಟ್ವಿ, ಹಸು ಹೋಯ್ತು. ಇನ್ನೊಂದ್ಸಲ ಒಂದು ಕೊಟ್ರೆ ಈ ಅರ್ಧ ಹಸುನೂ ಹೋಗುತ್ತೆ. ಆಮೇಲೆ ಗೋಡೆಗೆ ಕೈ ಹಾಕ್ಬೇಕು.’

ಮೇಡಂ ತಟ್ಟೆಯಲ್ಲಿದ್ದುದನ್ನು ಬಿಟ್ಟು ಎದ್ದರು. ಸಿಟ್ಟು ಬಂದರೆ ಅವರು ಕೂಗುವುದಿಲ್ಲ, ಪಾತ್ರೆ ತೊಳೆಯುತ್ತಾರೆ. ಅಂದು ತೊಳೆದಿಟ್ಟ ಪಾತ್ರೆಗಳನ್ನೂ ಇನ್ನೊಮ್ಮೆ ತೊಳೆದರು.

ಅವರ ಕೈಯಲ್ಲಿ ಉಳಿದದ್ದು ಒಂದೇ, ಪರೀಕ್ಷೆ. ಪ್ರಾಯೋಗಿಕ ಪರೀಕ್ಷೆಯ ಸ್ಥಳವನ್ನು ಪರೀಕ್ಷಕರೇ ಗೊತ್ತುಮಾಡಬಹುದು ಎಂಬ ಹಳೆಯ ನಿಯಮವೊಂದಿತ್ತು. ಅದರ ಬಗ್ಗೆ ಯಾರೂ ದೂರಿರಲಿಲ್ಲವಾದ್ದರಿಂದ ಅದಿನ್ನೂ ಬದುಕಿತ್ತು. ತಿಂಗಳ ಕೊನೆಗೆ ಅವರು ವಿದ್ಯಾರ್ಥಿಗಳನ್ನು ಗುಂಪುಗುಂಪಾಗಿ ವ್ಯಾನಿನಲ್ಲಿ ಹತ್ತಿಸಿಕೊಂಡು ಊರಾಚೆಯ ಡೇರಿಗೆ ಹೋದರು.

ಡೇರಿಯ ಯಜಮಾನಿ ಬಾಯಿಬಡಿಕಿ, ಕೆಲಸಗಾತಿ. ತನ್ನ ಹಸುಗಳನ್ನು ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತಾರೆಂದು ಒಪ್ಪಿದ್ದಳು. ಎದೆಮಟ್ಟದ ಕಬ್ಬಿಣದ ಸರಳುಗಳ ನಡುವೆ ಹಸುಗಳು ಸಾಲಾಗಿ ನಿಂತಿದ್ದವು. ಒಬ್ಬೊಬ್ಬರೇ ಬಂದು ಕೈಗವಸು ಏರಿಸಿ, ಎಣ್ಣೆ ಸವರಿ, ಕೈ ಹಾಕಿ, ಗಬ್ಬವೋ ಖಾಲಿಯೋ ಹೇಳಬೇಕು. ಹಿಂದಿನ ಅವಧಿಯಲ್ಲಿ ಸರದಿ ಸಿಕ್ಕವರೂ ಒಂದೇ ಸಲದ ಅನುಭವವನ್ನು ರಬ್ಬರಿನಲ್ಲಿ ಮರೆತಿದ್ದರು. ಎರಡೇ ದಿನದಲ್ಲಿ ಡೇರಿಯ ಹಸುಗಳೆಲ್ಲ ವಿದ್ಯಾರ್ಥಿಗಳ ಬಾಯಲ್ಲಿ ಖಾಲಿಯಾದವು. ಅದರಲ್ಲಿ ಒಂದು ಹಸು ವಾರದೊಳಗೆ ಕರು ಹಾಕುವುದಿತ್ತು. ಅದನ್ನು ಖಾಲಿ ಎಂದವನಿಗೆ ಯಜಮಾನಿ, ಹಾಗಾದರೆ ಈ ಹೊಟ್ಟೆಯಲ್ಲಿ ಗಾಳಿ ತುಂಬಿದೆಯೇನಪ್ಪ ಎಂದು ವಿಚಾರಿಸಿದಳು.

ಅಕ್ಕನ ಮಗಳ ಪಾಲಿಗೆ ಬಂದದ್ದು ದೊಡ್ಡ ಮೇಡಂ. ಅವಳು ಗುರುತು ಹಿಡಿದು ಅದರ ಸೊಂಟ ತಟ್ಟಿದಳು. ಕೈ ಒಳಗೆ ಹೋಯಿತು. ರಬ್ಬರಿನಲ್ಲಿ ಗರ್ಭಕೋಶ ಇರುವ ಜಾಗಕ್ಕೆ ನೇರವಾಗಿ ಹೋಗಿ ಅಲ್ಲಿ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಕರುಳು ಅವಳ ತೋಳನ್ನು ಹಿಂಡಿತು. ಬೆವರಿಳಿಸುತ್ತ ಇನ್ನೂ ಸ್ವಲ್ಪ ತಡಕಾಡಿದಳು. ಎರಡು ಸಲ ಕೇಳಿದಾಗಲೂ ಅದೇ ಉತ್ತರ ಕೊಟ್ಟಳು: ಖಾಲಿ.

‘ನಾನೂ ಅದೇ ಅಂದ್ಕೊಂಡೆ,’ ಎಂದಳು ಯಜಮಾನಿ. ‘ತಂದಾಗಿಂದ ಬೆದೆಗೇ ಬಂದಿಲ್ಲ. ಬರಡು ಇರ್ಬೇಕು. ಕಸಾಯಿಖಾನೆ ದಲ್ಲಾಳಿಗೆ ಫೋನ್ ಮಾಡ್ತೀನಿ, ನಾಳೆನೇ ಲಾರಿ ತರ್ತಾನೆ.’ ಎಂದವಳು ಫೋನನ್ನು ಸೆರಗಿಗೆ ಒರೆಸಿಕೊಂಡು ನಂಬರನ್ನೂ ಒತ್ತತೊಡಗಿದಳು.

ಹೆರಿಗೆ ಮೇಡಂ ಕೈಗವಸು ಹಾಕಿಕೊಂಡರು. ಎಡಗೈ ಮೇಲೆತ್ತುವಾಗ ಮುಖ ಕಿವುಚಿತು. ಒಳಗೆ ಕೈ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ನೋವಿಗೋ ಸಿಟ್ಟಿಗೋ ಅವರ ದನಿ ತೀರಾ ಸಣ್ಣದಾಗಿತ್ತು. ‘ಐದು ತಿಂಗಳು. ಫೋನ್ ಇಡಮ್ಮ.’

ಬಂದಿದ್ದವರನ್ನು ಅಲ್ಲಿಯೇ ನಿಲ್ಲಿಸಿ ಅವರು ಪಾಠ ಮಾಡಿದರು, ಆ ವರ್ಷದ ಮೊದಲ ಪಾಠ. ಐದನೇ ತಿಂಗಳ ಸುಮಾರಿಗೆ ಗರ್ಭಕೋಶ ತನ್ನ ಭಾರಕ್ಕೆ ಹೊಟ್ಟೆಯೊಳಗೆ ಜಾರಿ ಇಳಿಯುತ್ತದೆ. ಕೈಗೆ ಸಿಗುವುದಿಲ್ಲ. ಸಿಗದಿರುವುದೇ ಗುರುತು. ಆಗ ಹುಡುಕಬೇಕಾದದ್ದು ಗರ್ಭಕೋಶವನ್ನಲ್ಲ. ಎಳೆದು ಬಿಗಿಯಾದ ಅದರ ಕೊರಳನ್ನು, ಪಕ್ಕದಲ್ಲಿ ತಂತಿಯಂತೆ ಗುಂಯ್ ಎನ್ನುವ ರಕ್ತನಾಳವನ್ನು. ರಬ್ಬರಿಗೆ ಭಾರವೂ ಇಲ್ಲ, ರಕ್ತವೂ ಇಲ್ಲ, ತಿಂಗಳೂ ತುಂಬುವುದಿಲ್ಲ.

ಖಾಲಿ ಹಸುವನ್ನು ಖಾಲಿ ಎಂದವರಿಗೂ ಹೇಗೆಂದು ಹೇಳಲು ಬರಲಿಲ್ಲ. ನಲವತ್ತೂ ಜನ ಫೇಲಾದರು. ಅಕ್ಕನ ಮಗಳಿಗೆ ಸೊನ್ನೆ.

ಆ ಸಂಜೆ ಅಕ್ಕನ ಫೋನು ಬಂತು. ನಲವತ್ತು ಜನರಲ್ಲಿ ನಿನಗೆ ಫೇಲು ಮಾಡಲು ನನ್ನ ಮಗಳೇ ಸಿಕ್ಕಳೇ ಎಂಬಲ್ಲಿ ಶುರುವಾಗಿ, ಚಿಕ್ಕಂದಿನಲ್ಲಿ ತನ್ನ ಗೊಂಬೆಯ ಕೈ ಕಿತ್ತವಳೂ ಇವಳೇ ಎಂಬಲ್ಲಿಗೆ ಅದು ಮುಗಿಯಿತು. ಫೋನಿಡುವುದನ್ನೇ ಕಾದಿದ್ದ ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

‘ಒಂದು ಮಾತು ಕೇಳ್ಲಾ ಮೇಡಂ?’ ಎಂದಳು. ಮನೆಯೊಳಗೆ ಆ ಶಬ್ದ ಮೊದಲ ಸಲ ಬಿದ್ದಿತ್ತು. ‘ಒಂದ್ಸಲನಾದ್ರೂ ನಮ್ ಕೈಲಿ ಹಸು ಮುಟ್ಟಿಸಿದ್ರಾ ನೀವು? ಮುಟ್ಟಿಸ್ದೆ ಪರೀಕ್ಷೆ ಮಾಡೋದು ನ್ಯಾಯಾನಾ?’

‘ಅಲ್ಲ.’

‘ಮತ್ತೆ?’

‘ನ್ಯಾಯ ಅಲ್ಲ. ನಿಂಗೆ ಅನ್ಯಾಯ ಆಗಿದೆ. ಆದ್ರೆ ನಿನ್ನನ್ನ ಪಾಸು ಮಾಡಿದ್ರೆ ಆ ಅನ್ಯಾಯ ಲಾರಿ ಹತ್ತುತ್ತೆ, ಅಷ್ಟೇ.’

ಹುಡುಗಿ ಬಾಗಿಲು ಹಾಕಿಕೊಂಡಳು. ಮೇಡಂ ಪಾತ್ರೆ ತೊಳೆದರು. ಅತ್ತ ಕೋಣೆಯಲ್ಲಿ ಪುಸ್ತಕಗಳು ಒಂದೊಂದಾಗಿ ನೆಲಕ್ಕೆ ಬೀಳುವ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಮೇಡಂ ಹೊರಡುವಾಗ ನೋಡಿದರೆ ಅವಳು ರಬ್ಬರ್ ಬೂಟು ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಇಬ್ಬರೂ ಡೇರಿಯ ದಾರಿಯ ಬಸ್ಸು ಹತ್ತಿದರು. ಮರುದಿನವೂ. ಆಮೇಲೆ ಅದು ದಿನಚರಿಯಾಯಿತು. ದಿನಕ್ಕೊಂದು ಹಸು, ಬೇರೆಬೇರೆ ತಿಂಗಳಿನದು. ಹುಡುಗಿ ಕೈ ಹಾಕುವಳು, ಮೇಡಂ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುವರು. ದೊಡ್ಡ ಮೇಡಂ ತಂಟೆಗೆ ಮಾತ್ರ ಹುಡುಗಿ ಹೋಗಲಿಲ್ಲ. ಅದರ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು.

ಈ ನಡುವೆ ಸರಾಸರಿ ಸರ್ ಸುಮ್ಮನಿರಲಿಲ್ಲ. ಫಲಿತಾಂಶ ಸೊನ್ನೆ ಎಂದರೆ ಸರಾಸರಿ ತೆಗೆಯಲೂ ಬರುವುದಿಲ್ಲ. ಪರೀಕ್ಷೆಯ ಬಗ್ಗೆ ವಿದ್ಯಾರ್ಥಿಗಳ ವಿಶೇಷ ಅಭಿಪ್ರಾಯ ಕೇಳಿದರು. ಫೇಲಾದವರ ಅಭಿಪ್ರಾಯ ಏನಿರಬಹುದೋ ಅದೇ ಬಂತು, ಒಂದೊಂದೇ ಅಂಕ. ಆದರೆ ಹಲವರು ಕೆಳಗೆ, ನಮಗೆ ಕಲಿಸದೆ ಪರೀಕ್ಷೆ ಮಾಡಿದಿರಿ, ಮೊದಲು ಹಸು ಕೊಡಿ ಎಂದೂ ಬರೆದಿದ್ದರು. ಯಂತ್ರ ಅದನ್ನೂ ಓದಿತು. ಈ ಸಲ ಕೆಂಪಿನಲ್ಲಿ ಎದ್ದು ಬಂದ ಪದ ‘ಮೇಡಂ’.

ಸಮಿತಿ ಸೇರಿತು, ಕಾರಣವನ್ನು ನಿವಾರಿಸಿತು. ಹೆರಿಗೆ ಮೇಡಂಗೆ ಗುಣಮಟ್ಟ ವಿಭಾಗದ ಸಲಹೆಗಾರ್ತಿಯಾಗಿ ಬಡ್ತಿ ಸಿಕ್ಕಿತು. ಮೂರನೇ ಮಹಡಿಯಲ್ಲಿ ಮೇಜು, ಹೂಕುಂಡ, ಕೆಲಸವಿಲ್ಲ. ಅಭಿನಂದಿಸಲು ಬಂದ ಸರಾಸರಿ ಸರ್‌ಗೆ ಅವರು ಕುಳಿತಲ್ಲಿಂದಲೇ ಹೇಳಿದರು: ‘ಆ ಮಕ್ಕಳು ಎರಡು ಸಲ ಬಾಯಿಬಿಟ್ಟು ಹಸು ಕೇಳಿದ್ರು ಸರ್. ಒಂದ್ಸಲ ನೀವು ಹಸು ತೆಗೆದ್ರಿ, ಇನ್ನೊಂದ್ಸಲ ನನ್ನ. ಮೂರನೇ ಸಲ ಕೇಳಿದ್ರೆ ಮಕ್ಕಳನ್ನೇ ತೆಗೀತೀರಿ. ಆಮೇಲೆ ನಿಮ್ಗೆ ಯಾರ ದೂರೂ ಇರಲ್ಲ.’ ಸರಾಸರಿ ಸರ್ ಇದನ್ನು ಸಲಹೆಯೆಂದು ಸ್ವೀಕರಿಸಿದಂತೆ ತಲೆಯಾಡಿಸಿ ಹೊರಗೆ ಹೋದರು.

ಪರೀಕ್ಷೆಯಾಗಿ ಎರಡು ತಿಂಗಳಿಗೆ ಮರುಪರೀಕ್ಷೆ ನಡೆಯಿತು, ತಂಪು ಕೋಣೆಯಲ್ಲಿ, ರಬ್ಬರಿನ ಮೇಲೆ. ಹೊಸ ಪರೀಕ್ಷಕರು ಮೀನು ಸಾಕಣೆಯವರು. ಗೇಟಿನ ಫಲಕದಲ್ಲಿ ನಾಲ್ಕನೇ ಸಾಧನೆ ಆಗಲೇ ಮೂಡಿತ್ತು: ಪರೀಕ್ಷೆಯಿಂದ ಬೇಸರವಾಯಿತು ಎಂದಿರಿ, ಬೇಸರವಾಗದಂತೆ ಮಾಡಿದೆವು. ಒಬ್ಬೊಬ್ಬರೇ ಒಳಗೆ ಹೋಗಿ, ಗಬ್ಬ ಸರ್ ಎಂದು ಹೇಳಿ, ಹೊರಗೆ ಬರುತ್ತಿದ್ದರು. ಕೆಲವರು ಬಾಗಿಲಿಂದಲೇ ಹೇಳಿದರು.

ಅಕ್ಕನ ಮಗಳ ಸರದಿ ಬಂದಾಗ ಅವಳು ಕೈಗವಸು ತೆಗೆದುಕೊಳ್ಳಲಿಲ್ಲ.

‘ಕೈ ಹಾಕಮ್ಮ,’ ಎಂದರು ಮೀನಿನ ಸರ್.

‘ಯಾಕೆ ಸರ್? ಇದು ಗಬ್ಬ ಅಂತ ಎಲ್ಲರಿಗೂ ಗೊತ್ತು. ಬಂದ ದಿನದಿಂದ ಗಬ್ಬವಾಗೇ ಇದೆ. ಇನ್ನೂ ಹೆತ್ತಿಲ್ಲ.’

ಸಾಲಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ತಿರುಗಿ ಅವರನ್ನು ನೋಡಿದಳು. ಒಂದು ಕಾಲಕ್ಕೆ ಅವಳ ಮಾತು ಕೇಳಿ ಒಟ್ಟಿಗೆ ಒಂದಂಕ ಒತ್ತಿದ್ದ ಗೆಳೆಯರು ಅವರು. ನಗು ಅಲ್ಲಿಗೆ ನಿಂತಿತು. ಆದರೂ ಸಾಲು ಕದಲಲಿಲ್ಲ. ಯಾರಿಗೂ ಇನ್ನೊಮ್ಮೆ ಫೇಲಾಗುವ ಧೈರ್ಯವಿರಲಿಲ್ಲ. ಒಬ್ಬ ಮಾತ್ರ ಕಣ್ಣು ತಗ್ಗಿಸಿ, ಸುಮ್ನೆ ಹಾಕ್ಬಿಡೆ, ಆಮೇಲೆ ಕಲಿಯೋಣ ಎಂದ. ಯಾರ ಹಸುವಿನ ಮೇಲೆ ಎಂದು ಅವಳು ಕೇಳಿದಳು. ಪರೀಕ್ಷಕರು ಗೈರುಹಾಜರಿ ಎಂದು ಗುರುತು ಹಾಕಿ, ಎದುರಿಗೆ ನಿಂತಿದ್ದವಳನ್ನು ದಾಟಿ ಮುಂದಿನವರನ್ನು ಕರೆದರು.

ಅವಳು ಬಸ್ಸು ಹತ್ತಿ ಡೇರಿಗೆ ಬಂದಾಗ ಚಿಕ್ಕಮ್ಮ ಅಲ್ಲೇ ಇದ್ದರು. ಮೂರನೇ ಮಹಡಿಯಲ್ಲಿ ಅವರು ಕುರ್ಚಿಯಲ್ಲಿ ಇಲ್ಲವೆಂಬುದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಹುಡುಗಿಯ ಮುಖ ನೋಡಿಯೇ ಅವರಿಗೆ ವಿಷಯ ತಿಳಿಯಿತು.

‘ಅಮ್ಮನಿಗೆ ನೀನೇ ಹೇಳ್ಬೇಕು ಚಿಕ್ಕಮ್ಮ. ಆ ಕೆಲಸ ಹೋಯ್ತು ಅಂತ.’

‘ಹೇಳ್ತೀನಿ. ಗೊಂಬೆಯ ಇನ್ನೊಂದು ಕೈನೂ ಕಿತ್ತೆ ಅಂತಾಳೆ.’

ಹುಡುಗಿ ಕೈಗವಸು ಏರಿಸಿಕೊಂಡು ನೇರವಾಗಿ ದೊಡ್ಡ ಮೇಡಂ ಹಿಂದೆ ಹೋಗಿ ನಿಂತಳು. ಮೇಡಂ ಈ ಸಲ ಪಕ್ಕಕ್ಕೆ ಬರಲಿಲ್ಲ, ಪ್ರಶ್ನೆ ಕೇಳಲಿಲ್ಲ. ಕಂಬಕ್ಕೆ ಒರಗಿ ತಮ್ಮ ಭುಜ ನೀವಿಕೊಳ್ಳುತ್ತ ನಿಂತರು. ಕೈ ಒಳಗೆ ಹೋಯಿತು, ಅವಸರವಿಲ್ಲದೆ, ದಾರಿ ಬಲ್ಲ ಕೈ. ಮೊದಲು ಪಕ್ಕಕ್ಕೆ ತಿರುಗಿ ರಕ್ತನಾಳವನ್ನು ಹಿಡಿಯಿತು. ಬೆರಳ ತುದಿಯಲ್ಲಿ ಗುಂಯ್ ಎಂದಿತು. ಆಮೇಲೆ ಮುಂದೆ, ಕೆಳಗೆ, ಭುಜ ಹಸುವಿನ ಮೈಗೆ ಅಂಟುವವರೆಗೆ. ಅಲ್ಲಿ ಏನೋ ಗಟ್ಟಿಯಾದದ್ದು ತಾಗಿ ಜಾರಿತು. ಮತ್ತೆ ಹಿಡಿದಳು. ಎರಡು ಹೋಳಿನ ಪುಟ್ಟ ಗೊರಸು. ನಡುವೆ ಬೆರಳಿಟ್ಟು ಚಿವುಟಿದಳು.

ಒಳಗಿನ ಕಾಲು ಸಿಟ್ಟಾದಂತೆ ತನ್ನನ್ನು ಹಿಂದಕ್ಕೆ ಎಳೆದುಕೊಂಡಿತು.

ಹುಡುಗಿ ಕೆನ್ನೆಯನ್ನು ಹಸುವಿನ ಸೊಂಟಕ್ಕೆ ಒತ್ತಿಕೊಂಡಳು. ಹಾಲಿನ ಕ್ಯಾನು ಎತ್ತಿಕೊಂಡು ಅತ್ತ ಬಂದ ಯಜಮಾನಿ ಕ್ಯಾನು ಕೆಳಗಿಟ್ಟಳು.

‘ಏನಂತೀಯಮ್ಮ?’

‘ಗಬ್ಬ. ಏಳು ತಿಂಗಳು. ಕರು ಬದುಕಿದೆ.’

‘ಹೋದ್ಸಲ ಖಾಲಿ ಅಂದಿದ್ದೆ. ನಿನ್ ಹಿಂದೆ ಬಂದೋರೂ ಇಲ್ಲಿರೋವೆಲ್ಲ ಖಾಲಿ ಅಂದ್ರು. ನಿನ್ನ ಹೇಗೆ ನಂಬ್ಲಿ? ಅವ್ರು ಏನಾದ್ರು?’

ಹುಡುಗಿ ಕೈ ಹೊರತೆಗೆದು, ಕೈಗವಸನ್ನು ಒಳಮೊಗ ಮಾಡಿ ಕಿತ್ತಳು.

‘ಅವ್ರೆಲ್ಲ ಪಾಸಾದ್ರು.’